ನಿಮಿಷಕ್ಕೆ ನೂರಿಪ್ಪತ್ತು

ಪಿಯುಸಿ ಆಗಿರಬೇಕು ನಸೀಮಾ, ಅದು ನಿನಗಾಗಿದೆ.
ಬೆರಳಚ್ಚು ಸೀನಿಯರ್, ಕನ್ನಡ, ಇಂಗ್ಲಿಷ್ ಎರಡೂ.
ಶೀಘ್ರಲಿಪಿ ಸೀನಿಯರ್. ಪರೀಕ್ಷೆಯ ದಿನ
ಐದು ನಿಮಿಷಕ್ಕೆ ಆರುನೂರು ಪದ.
ಭಾವಚಿತ್ರ ಎರಡು, ಗೆಜೆಟೆಡ್ ಅಧಿಕಾರಿಯ ರುಜು ಬಿದ್ದದ್ದು.
ಚಲನ್ ಕಟ್ಟಿದ ಚೀಟಿ ಕಳೆಯಬೇಡ.
ಇಷ್ಟೆಲ್ಲ ನೋಟಿಫಿಕೇಶನ್ನಿನಲ್ಲೇ ಇದೆ,
ಅದಕ್ಕಾಗಿ ನೀನು ಸಾಗರದ ಈ ಏರುಗಲ್ಲಿ ಹತ್ತಬೇಕಿರಲಿಲ್ಲ.

ಕೂತುಕೋ. ಟೀ ಕುಡಿ.

ನಾನು ಕಲಿತದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ,
ಔಷಧಿ ಅಂಗಡಿಯ ಮೇಲಿನ ಮಹಡಿ.
ಹದಿನಾಲ್ಕು ಯಂತ್ರ, ಒಂದಕ್ಕೆ ‘ಳ’ ಇರಲಿಲ್ಲ.
ಸಿಸಿಲಿಯಾ ಟೀಚರ್ ಗಡಿಯಾರ ಹಿಡಿದು
ಹಿಂದಿನ ದಿನದ ಪತ್ರಿಕೆ ಓದುತ್ತಿದ್ದರು:
ಮಂತ್ರಿಗಳ ಭಾಷಣ, ಗಾಜನೂರಿನ ನೀರಿನ ಮಟ್ಟ,
ಕಾಣೆಯಾದವರ ಪ್ರಕಟಣೆ,
ಎಲ್ಲ ಒಂದೇ ದನಿಯಲ್ಲಿ, ಉಸಿರೂ ಎಳೆದುಕೊಳ್ಳದೆ.
“ಅರ್ಥ ಮಾಡಿಕೊಳ್ಳಬೇಡಿ” ಅನ್ನುತ್ತಿದ್ದರು,
“ಅರ್ಥವಾದರೆ ಕೈ ನಿಲ್ಲುತ್ತದೆ.”

ಮೊದಲು ಸ್ವರ ಬಿಡುವುದನ್ನು ಕಲಿಸುತ್ತಾರೆ.
ಅ ಆ ಇ ಈ ದಾರಿಯಲ್ಲೇ ಉದುರಿಸಿ
ಬರೀ ವ್ಯಂಜನದ ಎಲುಬು ಹೊತ್ತು ಓಡಬೇಕು.
ಮಾಂಸ ಆಮೇಲೆ, ನೆನಪಿನಿಂದ.
ಗೆರೆ ತೆಳುವಾಗಿ ಎಳೆದರೆ ಕ, ಒತ್ತಿ ಎಳೆದರೆ ಗ.
ಅಂದರೆ ಕಂಡ, ಗಂಡ, ಎರಡಕ್ಕೂ ಒಂದೇ ಗೆರೆ;
ಒತ್ತಿದರೆ ಗಂಡ.
ಕ್ಲಾಸಿನ ಹುಡುಗಿಯರೆಲ್ಲ ನಕ್ಕಿದ್ದೆವು.
ಟೀಚರ್ ನಗಲಿಲ್ಲ. ಪೆನ್ಸಿಲ್ ಚೂಪು ಮಾಡಿ, ಅಂದರು.

ಈ ಕೋರ್ಟಿಗೆ ಬಂದ ಎಂಟನೇ ವರ್ಷವಿರಬೇಕು.
ಗುತ್ಯಮ್ಮ ಅಂತ, ಹಿನ್ನೀರಿನ ಆಚೆಯವಳು,
ಬೆಳಗಿನ ಲಾಂಚು ಹಿಡಿದು ಸಾಕ್ಷಿಗೆ ಬಂದಿದ್ದಳು.
ಅವಳ ತಮ್ಮನ ಬಲಗೈ ಮುರಿದ ಕೇಸು.
ಆರೋಪಿಗಳ ಕಟಕಟೆಯಲ್ಲಿ ಮೂವರು,
ಕೊನೆಯವನು ಅವಳ ಮನೆಯವನು.
“ದೊಣ್ಣೆ ಎತ್ತಿದ್ದು ಯಾರಮ್ಮ?”
ಸರ್ಕಾರಿ ವಕೀಲರು ಎರಡು ಸಲ ಕೇಳಿದರು.
ಸುಮ್ಮನಿದ್ದಳು.
ಸುಮ್ಮನಿರುವುದಕ್ಕೆ ನಮ್ಮಲ್ಲಿ ಗುರುತಿಲ್ಲ ನಸೀಮಾ.
ಕೆಮ್ಮಿಗೂ ಇಲ್ಲ, ಸೆರಗಿನ ತುದಿ ಬೆರಳಿಗೆ ಸುತ್ತುವುದಕ್ಕೂ.
ಆಮೇಲೆ ಏನೋ ಅಂದಳು. ಒಂದು ಮಾತು. ಅರ್ಧ ಮಾತು.
ಫ್ಯಾನು ಕಿರುಗುಟ್ಟಿತು. ಹೊರಗೆ ಜವಾನ
ಮುಂದಿನ ಕೇಸಿನವರ ಹೆಸರು ಕೂಗಿದ.
ಸಾಹೇಬರು ಕಡತದಿಂದ ತಲೆಯೆತ್ತಿ ನನ್ನತ್ತ ನೋಡಿದರು:
“ಏನಂದರು? ಓದಿ.”

ಪುಟದಲ್ಲಿ ಗೆರೆ ಇತ್ತು.
ಮೊಂಡು ಪೆನ್ಸಿಲ್ಲಿನ ಗೆರೆ,
ತೆಳು ಅಂದರೆ ತೆಳು, ದಪ್ಪ ಅಂದರೆ ದಪ್ಪ.
ಕಂಡಿಲ್ಲ ಅನ್ನಲು ಹೊರಟಳೋ,
ಗಂಡ ಅಂದಳೋ.
ಅವಳು ನನ್ನನ್ನೇ ನೋಡುತ್ತಿದ್ದಳು,
ಜೀವಮಾನದಲ್ಲಿ ಮೊದಲ ಸಲ ಯಾರೋ
ತನ್ನ ಮಾತು ಬರೆದಿಟ್ಟುಕೊಂಡಿದ್ದಾರೆ ಎಂಬಂತೆ.
ಒಂದು ಕೂದಲೆಳೆ ಒತ್ತಿದ್ದರೆ ಸಾಕಿತ್ತು.
ಯಾರಿಗೆ ಗೊತ್ತಾಗುತ್ತಿತ್ತು?

“ಕೇಳಿಸಲಿಲ್ಲ ಸಾರ್. ಇನ್ನೊಮ್ಮೆ ಹೇಳಲಿ.”

ಇನ್ನೊಮ್ಮೆ ಹೇಳಿದಳು, ಗಟ್ಟಿಯಾಗಿ, ನೆಲ ನೋಡುತ್ತ:
“ಕತ್ಲಾಗಿತ್ತು. ನಂಗ್ ಗೊತ್ತಿಲ್ಲ ಸ್ವಾಮಿ.”
ಸಾಹೇಬರು ಬರೆಸಿದರು:
ಸದರಿ ಘಟನಾ ಕಾಲದಲ್ಲಿ ಬೆಳಕಿನ ಅಭಾವವಿದ್ದ ಕಾರಣ
ಆರೋಪಿತರನ್ನು ಗುರುತಿಸಲು ನನಗೆ ಸಾಧ್ಯವಾಗಿರುವುದಿಲ್ಲ.
ಹತ್ತು ಪದ. ಐದು ಸೆಕೆಂಡು. ಒಂದಕ್ಷರ ತಪ್ಪಿಲ್ಲ.
ಓದಿ ಹೇಳಿದ ಮೇಲೆ, ಸರಿಯಿದೆಯೆಂದು
ಹೆಬ್ಬೆಟ್ಟು ಒತ್ತಿದಳು.
ಎಷ್ಟು ಒತ್ತಿದ್ದಳೆಂದರೆ
ಶಾಯಿ ಕೆಳಗಿನ ಹಾಳೆಗೂ ಇಳಿದಿತ್ತು.

ಆಗಿನ ನೋಟ್‌ಬುಕ್ಕುಗಳನ್ನೆಲ್ಲ ಸುಟ್ಟರು.
ಒಂದು ನನ್ನ ಅಕ್ಕಿ ಡಬ್ಬದ ಹಿಂದಿದೆ,
ಕರೆಂಟು ಹೋದಾಗ ತೆಗೆದು ನೋಡುತ್ತೇನೆ,
ಮೇಣದಬತ್ತಿಯಲ್ಲಿ ಗೆರೆ ಇನ್ನೂ ದಪ್ಪ ಕಾಣುತ್ತದೆ.

ಟೀ ಆರಿತು. ಸರಿ, ಪುಸ್ತಕ ತೆಗೆ.
ಗಡಿಯಾರ ಇಡುತ್ತೇನೆ, ಎಂಬತ್ತರಿಂದ ಶುರು ಮಾಡೋಣ.
ಎರಡು ಪೆನ್ಸಿಲ್ ಬೇಕು ಅಂತ
ಅರ್ಜಿಯಲ್ಲಿ ಎಲ್ಲೂ ಬರೆದಿರುವುದಿಲ್ಲ.
ಎಲ್ಲಿ, ತೋರಿಸು.
ಇದೇನು ಹೀಗಿದೆ ತುದಿ?
ಚೂಪು ಮಾಡು.